ಪಟ್ಟಿಯಾಗಿನ ಮೊದಲನೇ ಹೆಸರು

ಇಬ್ರಾಹಿಂಪುರದಾಗ ರೈಲ್ವೆ ಹಳಿ ಸನೇಕ ಸೋನಾಬಾಯಿ ಅಂತ ಒಬ್ಬಾಕಿ ಅದಾಳ. ವಯಸ್ಸು ಕೇಳಿದ್ರ ಐವತ್ತೆಂಟು ಅಂತಾಳ. ಐದು ವರ್ಷದಿಂದ ಐವತ್ತೆಂಟ ಹೇಳಾಕತ್ತಾಳ. ಗಂಡ ಭಾಗಪ್ಪ ಹೋಗಿ ಹದಿನಾಕು ವರ್ಷ ಆತು, ಮಕ್ಕಳಿಲ್ಲ. ಇರೋದು ಒಂದು ತಗಡಿನ ಪತ್ರಾಸಿನ ಮನಿ, ಮತ್ತ ಓಣಿಗೆಲ್ಲ ಕೇಳಿಸೋವಂಥ ಒಂದು ಬಾಯಿ. ನೀರಿನ ಪಾಳಿ ತಪ್ಪಿಸಿದವರನ್ನ, ಬಾಗಿಲ ಮುಂದ ಗಾಡಿ ನಿಲ್ಲಿಸಿದವರನ್ನ, ಯಾರನ್ನೂ ಬಿಟ್ಟಾಕಿ ಅಲ್ಲ. ಹಂಗಂತ ಕೆಟ್ಟಾಕಿ ಅನಬ್ಯಾಡ್ರಿ. ಓಣ್ಯಾಗ ಯಾರಾರ ಹಡದ್ರ ಬಿಸಿನೀರು ಹೊತ್ಕೊಂಡು ಮೊದಲು ಹೋಗಾಕಿ ಈಕೀನ. ಬಾಣಂತಿಗೆ ಬೈಕೋತ ಬೈಕೋತ ಎರೀತಾಳ, ಅಷ್ಟ.

ಇಪ್ಪತ್ತೆರಡು ವರ್ಷ ಆಕಿ ದುಡಿದದ್ದು ಒಂದು ಒಣದ್ರಾಕ್ಷಿ, ಅಂದ್ರ ಮಣೂಕದ ಗೋದಾಮಿನಾಗ. ತಿಕೋಟಾ, ಕಳ್ಳಕವಟಗಿ, ಬಬಲೇಶ್ವರ ಕಡೆ ತೋಟದಾಗ ಒಣಗಿದ ಮಾಲು ಅಲ್ಲಿ ಬಂದು ರಾಶಿ ಬೀಳತಿತ್ತು. ಒಂದೊಂದು ರಾಶಿಗೆ ಐದು ಮಂದಿ ಹೆಣಮಕ್ಕಳು ಸುತ್ತ ಕುಂತು ಕಡ್ಡಿ, ತೊಟ್ಟು, ಸಣ್ಣ ಕಲ್ಲಿನ ಹಳ್ಳು, ಕರ್ರಗಾದ ಕಾಳು ತೆಗೆದು ಟ್ರೇ ತುಂಬತಿದ್ರು. ಸೋನಾಬಾಯಿ ಹುಟ್ಟಿದ್ದು ಕಳ್ಳಕವಟಗಿಯೊಳಗ. ಆ ಕಡೆ ಮಾಲು ಬಂದ ದಿನ ಒಂದು ಕಾಳು ಬಾಯಾಗ ಹಾಕ್ಕೊಂಡು, "ಇದು ನಮ್ಮೂರ ಮಣ್ಣಿಂದು, ಮೂಸಿ ನೋಡ್ರೆ," ಅಂತ ಎಲ್ಲಾರ ಮೂಗಿಗೂ ಹಿಡೀತಿದ್ಲು. ಕೈ ಅಂದ್ರ ಕೈ ಆಗಿತ್ತು ಆಕಿದು. ಬಾಯಿ ಮಾತಾಡ್ಕೋತ ಇರತಿತ್ತು, ಬೆರಳು ತಮ್ಮ ಪಾಡಿಗೆ ತಾವು ಕಡ್ಡಿ ಆರಸತಿದ್ವು.

ಆ ಹೆಣಮಕ್ಕಳ ನಡಕ ಒಂದು ಪದ್ಧತಿ ಇತ್ತು, ಮುಯ್ಯಿ ಅಂತ. ಇವತ್ತು ನಿನ್ನ ಹೊಲದ ಕಳೆ ನಾ ತೆಗದ್ರ ನಾಳೆ ನನ್ನ ಹೊಲಕ್ಕ ನೀ ಬರಬೇಕು, ಹಳ್ಳ್ಯಾಗ ಹಂಗಲ್ಲೇನ್ರಿ? ಅದನ್ನ ಇವರು ಗೋದಾಮಿಗೂ ತಂದಿದ್ರು. ಒಬ್ಬಾಕಿಗೆ ಜ್ವರ ಬರಲಿ, ಒಬ್ಬಾಕಿ ಬಸರಿ ಆಗಲಿ, ಆಕಿ ಪಾಲಿನ ಟ್ರೇ ಉಳಿದವರು ತುಂಬಿ ಕೊಡೋದು. ಯಾರೂ ಹೇಳಂಗಿಲ್ಲ, ಯಾರೂ ಎಣಸಂಗಿಲ್ಲ. ಸೋನಾಬಾಯಿ ಓಣಿಗೆ ನೀಲಾ ಅನ್ನೋ ಹುಡುಗಿ ಹೊಸದಾಗಿ ಮದುವಿ ಆಗಿ ಬಂದು ಕೆಲಸಕ್ಕ ಕುಂತಾಗ, ಹೊಟ್ಯಾಗಿನ ಕೂಸು ಆರು ತಿಂಗಳಿಗೆ ಹೋತು. ಹುಡುಗಿ ಬಂದು ಸುಮ್ಮನ ರಾಶಿ ಮುಂದ ಕೂಡಾಕಿ, ಕೈ ಆಡತಿರಲಿಲ್ಲ. ಸೋನಾಬಾಯಿ ಒಂದೂವರೆ ತಿಂಗಳು ಆಕಿ ಟ್ರೇನೂ ತುಂಬಿದ್ಲು, ತನ್ನದೂ ತುಂಬಿದ್ಲು. "ಅಳಬ್ಯಾಡ ಹುಚ್ಚಿ, ಅತ್ರ ಮಣೂಕ ಉಪ್ಪಾಗತಾವ," ಅಂತ ಬೈದು ನಗಿಸತಿದ್ಲು. ಅವತ್ತಿಂದ ನೀಲಾ ಆಕಿಗೆ ಆಯಿ ಅಂತಾಳ.

ಮಾಲಕ ಚಂದ್ರಕಾಂತ ಬಬಲೇಶ್ವರದಾಂವ. ಮೊದಲೆಲ್ಲ ಬುಧವಾರಕ್ಕೊಮ್ಮೆ ತಪ್ಪದ ಬರತಿದ್ದ. ಕೈ ಹಿಂದ ಕಟ್ಕೊಂಡು ರಾಶಿ ಸುತ್ತ ಅಡ್ಡಾಡಿ, ಒಂದೊಂದು ಮುಷ್ಟಿ ತೆಗೆದು ನೋಡಿ, ಹೆಣಮಕ್ಕಳ ಕೈ ನೋಡಿ, ಆಮ್ಯಾಲೆ ಮುಕಾದಮ ರಾಜಾರಾಮನ್ನ ಕರೆದು, "ಈಕಿಗೆ ಆರಾಮಿಲ್ಲೇನೋ?" ಅಂತ ಕೇಳತಿದ್ದ. ಯಾರನ್ನ ಇಟ್ಕೋಬೇಕು, ಯಾರನ್ನ ಬಿಡಬೇಕು, ಎಲ್ಲಾ ಆ ಅಡ್ಡಾಟದಾಗ ನಿಕ್ಕಿ ಆಗತಿತ್ತು. ಬಬಲೇಶ್ವರದಾಗ ಎರಡನೇ ಗೋದಾಮು ತೆಗೆದ ಮ್ಯಾಲೆ ಅವಗ ಪುರಸೊತ್ತು ಸಾಲದಾತು. ಪುಣೆಯಿಂದ ಇಬ್ಬರನ್ನ ಕರೆಸಿ ಕಂಪ್ಯೂಟರ್ ಕೂಡಿಸಿದ. ಪ್ರತಿ ಟ್ರೇಕ್ಕ ಒಂದು ಚೀಟಿ, ಪ್ರತಿ ಹೆಣಮಗಳಿಗೆ ಒಂದು ಕಾರ್ಡ್. ಬಾಗಿಲ ಹತ್ರ ಮೇಜಿನ ಮುಂದ ಆಶಾಬಿ ಅನ್ನೋ ಹಳೇ ಕೆಲಸದಾಕಿ ಕೂಡೋದು, ತುಂಬಿದ ಟ್ರೇ ಬಂದ ಕೂಡಲೆ "ಯಾರದ?" ಅಂತ ಕೇಳಿ, ಆಕಿ ಕಾರ್ಡಿಗೊಮ್ಮೆ ಚೀಟಿಗೊಮ್ಮೆ ಸ್ಕ್ಯಾನರಿನ ಕೆಂಪು ದೀಪ ಬಡಿಯೋದು. ಟೀಂಯ್ ಅನ್ನತಿತ್ತು. ಶನಿವಾರ ಮಾಲಕನ ಮೊಬೈಲಿಗೆ ಪಟ್ಟಿ, ಯಾರು ಎಷ್ಟು ಟ್ರೇ ತುಂಬಿದ್ರು ಅಂತ. ಮ್ಯಾಲಿನ ಹೆಸರು ಹಸಿರು, ನಡುವಿನವು ಹಳದಿ, ಬುಡದವು ಕೆಂಪು. ಮೂರು ತಿಂಗಳು ಬಿಡದ ಕೆಂಪಾದವರು ಮನಿಗೆ. ಬುಧವಾರದ ಅಡ್ಡಾಟ ನಿಂತು ಹೋತು.

ಈಗ ಸೋನಾಬಾಯಿ ಕಣ್ಣಿನ ವಿಚಾರ ಹೇಳಬೇಕು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಕಿ ಒಪ್ಪಬೇಕಲ್ಲ! "ಹೊಗಿ ಹೊಕ್ಕೈತಿ," ಅಂತಿದ್ಲು, "ಬಲ್ಬ್ ಸರಿ ಇಲ್ಲ," ಅಂತಿದ್ಲು. ಆಪರೇಷನ್ ಅಂದ್ರ ಎದಿ ಒಡೀತಿತ್ತು ಆಕಿಗೆ; ದವಾಖಾನಿಗೆ ನಡಕೊಂಡು ಹೋದ ಭಾಗಪ್ಪನ್ನ ನಾಕು ಮಂದಿ ಹೊತ್ತು ತಂದಿದ್ರು. ಮ್ಯಾಲೆ, ಕಣ್ಣು ಹೋಗೇತಿ ಅಂತ ಗೊತ್ತಾದ್ರ ಕೆಲಸ ಹೋಗತೈತಿ ಅನ್ನೋ ಅಂಜಿಕಿ. ಬೆರಳಿಗೆ ರೂಢಿ ಐತಿ, ಬೆರಳ ಕಾಣತಾವ ಅಂತ ತನಗ ತಾ ಸಮಾಧಾನ ಹೇಳ್ಕೊಂಡು ಕೂಡತಿದ್ಲು. ಬೆರಳು ಎಷ್ಟು ಕಂಡಾವು? ಟ್ರೇದಾಗ ಕಡ್ಡಿ ಹಂಗ ಉಳೀತಿದ್ವು.

ಬಾಜೂಕ ಕುಂತ ನೀಲಾ ಅದನ್ನ ನೋಡಿದ್ಲು. ಮುದುಕಿ ಭಾರ ಎತ್ತಬಾರದು ಅಂತ ಇಬ್ಬರ ಟ್ರೇನೂ ಆಶಾಬಿ ಮೇಜಿಗೆ ಒಯ್ಯಾಕಿ ನೀಲಾನ. ನಡು ದಾರ್ಯಾಗ ಅದಲಿ ಬದಲಿ ಮಾಡತಿದ್ಲು. ತಾ ಆರಿಸಿದ್ದನ್ನ, "ಸೋನಾಬಾಯಿದು," ಅಂತ ಬಡಿಸೋದು. ಆಯಿಯ ಕಡ್ಡಿ ತುಂಬಿದ ಟ್ರೇ ತನ್ನ ಮುಂದ ಎಳಕೊಂಡು ಹೊಳ್ಳಿ ಆರಸೋದು. ಇಬ್ಬರ ಕೆಲಸ ಒಬ್ಬಾಕಿ ಮಾಡಿದ್ಲು. ಕಂಪ್ಯೂಟರಿನಾಗ ಮಾತ್ರ ಆಕಿದು ಅರ್ಧ ಆಳಿನ ಕೆಲಸ. ಇನ್ನೊಂದು ಮಜಾ ಕೇಳ್ರಿ. ಆ ರಾಶಿಯ ಉಳಿದ ಮೂರು ಮಂದಿನೂ ದಿನಕ್ಕೊಂದು ಟ್ರೇ ಸೋನಾಬಾಯಿ ಹೆಸರಿಗೆ ಬಡಿಸತಿದ್ರು. ತಾ ಒಬ್ಬಾಕೀನ ಕೊಡಾಕತ್ತೇನಿ ಅಂತ ಪ್ರತಿಯೊಬ್ಬಾಕಿಗೂ ಅನಿಸಿತ್ತು. ಮುಯ್ಯಿ ಅಂದ್ರ ಹೇಳಂಗಿಲ್ಲಲ್ಲ! ಎಲ್ಲಾ ಗೊತ್ತಿದ್ದಾಕಿ ಆಶಾಬಿ ಒಬ್ಬಾಕಿ. ಆಕಿ ಸೆರಗು ಬಾಯಿಗೆ ಹಚ್ಕೊಂಡು ನಕ್ಕು, ಟೀಂಯ್ ಅಂತ ಬಡೀತಿದ್ಲು.

ಹಿಂಗಾಗಿ ಯುಗಾದಿ ಮುಂದ ಪಟ್ಟಿ ಬಂದಾಗ ಇಡೀ ಗೋದಾಮಿಗೆ ಮೊದಲನೇ ಹೆಸರು ಸೋನಾಬಾಯಿದು. ಕಟ್ಟಕಡೀ ಹೆಸರು ನೀಲಾಂದು.

ಚಂದ್ರಕಾಂತ ತಾನ ಬಂದ. ಎಲ್ಲಾರನ್ನೂ ಕೂಡಿಸಿ ಸೋನಾಬಾಯಿಗೆ ಶಾಲು ಹೊದಿಸಿದ, ಫೋಟೊ ತೆಗೆಸಿದ. "ಈ ವಯಸ್ಸಿನಾಗ ಈ ಕೈ ನೋಡಿ ಕಲೀರಿ," ಅಂದ. ಮುದುಕಿ ಉಬ್ಬಿ ಹೋತು ನೋಡ್ರಿ. ಕಣ್ಣಿನ ಅಂಜಿಕಿ ಎಲ್ಲಾ ಹಾರಿ ಹೋಗಿ, "ನಾ ಹೇಳಿರಲಿಲ್ಲೇನ, ಬೆರಳಿಗೆ ಕಣ್ಣ ಬೇಕಾಗಿಲ್ಲ," ಅನ್ನೋ ಸೊಕ್ಕು ತಲಿಗೆ ಏರಿತು. ನೀಲಾನ ಎಲ್ಲಾರಕಿಂತ ಜೋರ ಚಪ್ಪಾಳಿ ಹೊಡೆದಿದ್ಲು.

ಹೋಗೂಮುಂದ ಚಂದ್ರಕಾಂತ ಸೋನಾಬಾಯಿನ್ನ ಬಾಜೂಕ ಕರೆದ. ಅವನೂ ಕೆಟ್ಟ ಮನಷ್ಯಾ ಅಲ್ಲ, ಮನಸ್ಸಿನಾಗ ಒಂದು ಅನುಮಾನ ಇತ್ತು. "ಆಯಿ, ಕಂಪ್ಯೂಟರ್ ನೀಲಾನ ತೆಗೀಬೇಕು ಅನ್ನತೈತಿ. ನಾ ನೋಡಿದಾಗೆಲ್ಲ ಆ ಹುಡುಗಿ ಚುರುಕ ಇದ್ಲು. ನೀ ಬಾಜೂಕ ಕೂಡಾಕಿ. ಖರೆ ಏನ?"

ಅವತ್ತ ಮುಂಜಾನೆ ನೀಲಾ ಎರಡು ಸಲ ಆಕಿ ಕೈ ಹಿಡಿದು, "ಆಯಿ, ಇಲ್ಲೊಂದು ಕಡ್ಡಿ ಉಳೀತು," ಅಂದಿದ್ಲು. ಮುದುಕಿಗೆ ಅದು ಚುಚ್ಚಿತ್ತು. ಮೊದಲನೇ ನಂಬರಿನಾಕಿಗೆ ಕಡೀ ನಂಬರಿನಾಕಿ ಬುದ್ಧಿ ಹೇಳೋದ? ಶಾಲು ಸರಿ ಮಾಡ್ಕೊಂಡು ಅಂದ್ಲು: "ಬಾಯಿ ಭಾಳ ಸಾಹೇಬ್ರ, ಕೈ ಕಡಿಮಿ."

ಅಷ್ಟ. ಬ್ಯಾರೆ ಏನೂ ಅನ್ನಲಿಲ್ಲ. ಬೇಕಾಗೂ ಇರಲಿಲ್ಲ. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ಸೋಮವಾರ ರಾಜಾರಾಮ ನೀಲಾಗ ನಾಳೆಯಿಂದ ಬರಬ್ಯಾಡ ಅಂದ.

ನೀಲಾಗ ಆ ಕೆಲಸ ಯಾಕ ಬೇಕಿತ್ತು ಅನ್ನೋದು ಓಣಿಗೆಲ್ಲ ಗೊತ್ತು. ಆಕಿ ಗಂಡ ಕುನಾಲ ಮನಿಗೆ ಬಣ್ಣ ಹಚ್ಚಾಂವ. ಎರಡು ವರ್ಷದ ಕೆಳಗ ಜಲನಗರದಾಗ ಮೂರನೇ ಅಂತಸ್ತಿನಿಂದ ಬಿದ್ದು ಬೆನ್ನುಮೂಳಿ ಮುರಕೊಂಡಿದ್ದ. ಸೊಂಟದ ಕೆಳಗ ಏನೂ ಗೊತ್ತಾಗತಿರಲಿಲ್ಲ. ಡಾಕ್ಟರು ಒಂದ ಮಾತು ಹೇಳಿದ್ರು: "ಹಾಸಗಿ ಹುಣ್ಣು ಆಗಾಕ ಬಿಡಬ್ಯಾಡ್ರಿ. ಮಗ್ಗಲ ಬದಲಿ ಮಾಡ್ಕೋತ ಇರ್ರಿ. ಹುಣ್ಣಾದ್ರ ಮನಷ್ಯಾ ಉಳಿಯಂಗಿಲ್ಲ." ಗೋದಾಮಿನಿಂದ ಮನಿಗೆ ಓಡಿದ್ರ ಏಳು ನಿಮಿಷ. ಮಧ್ಯಾಹ್ನ ಊಟದ ಸೂಟಿಯೊಳಗ ನೀಲಾ ಓಡಿ ಬಂದು, ಗಂಡನ್ನ ಒರೆಸಿ, ಮಗ್ಗಲ ಹೊಳ್ಳಿಸಿ, ಎರಡು ತುತ್ತು ಉಣಿಸಿ ಹೊಳ್ಳಿ ಓಡಿ ಹೋಗತಿದ್ಲು. ಎರಡು ವರ್ಷ ಒಂದು ಹುಣ್ಣಾಗಲಿಲ್ಲ ಅವಗ.

ಈ ಕೆಲಸ ಹೋದ ಮ್ಯಾಲೆ ಸಿಕ್ಕದ್ದು ಕಳ್ಳಕವಟಗಿ ತೋಟದ ಕೂಲಿ. ದ್ರಾಕ್ಷಿ ಬಳ್ಳಿ ಚಿಗುರು ತೆಗಿಯೋದು. ನಸುಕಿನ್ಯಾಗ ಟೆಂಪೊ ಬಂದು ಕರಕೊಂಡು ಹೋದ್ರ ತಿರುಗಿ ಬಿಡೋದು ಹೊತ್ತು ಮುಳುಗಿದ ಮ್ಯಾಲೆ. ಏಪ್ರಿಲ್ ಬಿಸಲಾಗ, ಪತ್ರಾಸಿನ ಮನ್ಯಾಗ, ಕುನಾಲ ಮುಂಜಾನೆ ಹಾಕಿದ ಮಗ್ಗಲದಾಗ ಸಂಜಿತನಕ ಬಿದ್ದಿರತಿದ್ದ. ಓಣ್ಯಾಗಿನ ಹೆಣಮಕ್ಕಳು ಎಲ್ಲಾರೂ ಕೆಲಸದ ಮ್ಯಾಲೆ. ಇದ್ದ ಇಬ್ಬರು ಮುದುಕರ ಕಡೆಯಿಂದ ಅವನ್ನ ಎತ್ತಾಕ ಆಗತಿರಲಿಲ್ಲ.

ಸೋನಾಬಾಯಿ ಆ ಮನಿ ಕಡೆ ಹೋಗಲಿಲ್ಲ. ನೀಲಾನೂ ಬರಲಿಲ್ಲ. "ಹೋಗೂಮುಂದ ಒಂದು ಮಾತು ಹೇಳಲಿಲ್ಲ, ಎಷ್ಟು ಸೊಕ್ಕು," ಅಂತ ಸೋನಾಬಾಯಿ ಗೋದಾಮಿನಾಗ ಅಂದಾಡಿದ್ಲು. ರಾಶಿಯ ಉಳಿದ ಮೂವರು ಅವತ್ತಿಂದ ಆಕಿ ಹೆಸರಿಗೆ ಟ್ರೇ ಬಡಿಸೋದು ಬಿಟ್ರು. ತನ್ನ ಎಲಿಯಾಗ ಹೆಗ್ಗಣ ಸತ್ತು ಬಿದ್ದಿತ್ತು, ಮಂದಿ ಎಲಿಯಾಗಿನ ನೊಣ ಹುಡಕಾಕತ್ತಿದ್ಲು ಪುಣ್ಯಾತಗಿತ್ತಿ.

ನೀಲಾ ಹೋದ ಮೊದಲನೇ ವಾರ ಸೋನಾಬಾಯಿ ಹೆಸರು ಹಸಿರಿನಿಂದ ಹಳದಿಗಿಳಿತು. ಮೂರನೇ ವಾರಕ್ಕ ಕೆಂಪಾತು. ಆಕಿ ಟ್ರೇ ಪುಣೆ ವ್ಯಾಪಾರಿ ಕಡೆಯಿಂದ ಕಡ್ಡಿ ಸಮೇತ ತಿರುಗಿ ಬಂತು. ರಾಜಾರಾಮ ತಲಿ ಕೆರಕೊಂಡ. ಸೋನಾಬಾಯಿಗೆ ಮಾತ್ರ ಒಂದ ಅನುಮಾನ. ಮೇ ತಿಂಗಳ ಕಡೀಗೆ ಒಂದಿನ ಮೇಜಿನ ಮುಂದ ನಿಂತು ಕೈ ಬಡಿದು ಜಗಳಕ್ಕ ಬಿದ್ಲು.

"ಏ ಆಶಾಬಿ! ನನ್ನ ಟ್ರೇ ಯಾರ ಹೆಸರಿಗೆ ಬಡಿಯಾಕತ್ತಿ ನೀ? ಎಷ್ಟು ಮಂದಿದು ನುಂಗಬೇಕಂತ ಮಾಡೀದಿ?"

ಆಶಾಬಿ ಹತ್ತು ವರ್ಷದಾಗ ಯಾರಿಗೂ ಏರು ಧ್ವನಿ ಮಾಡಿದಾಕಿ ಅಲ್ಲ. ಅವತ್ತು ಎದ್ದು ನಿಂತ್ಲು. "ನಾ ನುಂಗೇನಿ? ಅಲ್ಲಾನ ಆಣಿ ಮಾಡಿ ಹೇಳತೇನಿ ಕೇಳ. ನೀಲಾ ಇರೂತನಕ ನಿನ್ನ ಟ್ರೇ ಅಂತ ಈ ಮೇಜಿಗೆ ಎಂದೂ ಬಂದಿಲ್ಲ. ಬಂದದ್ದೆಲ್ಲ ನೀಲಾಂದು, ಇಲ್ಲಾ ಈ ಮೂವರದು. ಆ ಹುಡುಗಿ ತಂದು ನಿನ್ನ ಹೆಸರಿಗೆ ಬಡಿಸಿ, ನಿನ್ನ ಕಸ ತಾ ಆರಿಸಿದ್ಲು. ನೀ ಶಾಲು ಹೊತ್ಕೊಂಡಿ. ಹೊತ್ಕೊಂಡು ಏನಂದಿ ಮಾಲಕಗ? ರಾಜಾರಾಮ ನಮಗೆಲ್ಲ ಹೇಳ್ಯಾನ. ಬಾಯಿ ಭಾಳ, ಕೈ ಕಡಿಮಿ!"

ಸೋನಾಬಾಯಿ ಉಳಿದ ಮೂವರ ಕಡೆ ತಿರುಗಿದ್ಲು. ಒಬ್ಬಾಕಿ ತಲಿ ಕೆಳಗ ಹಾಕಿದ್ಲು, ಆಮ್ಯಾಲೆ ಇನ್ನೊಬ್ಬಾಕಿ. ಸೋನಾಬಾಯಿ ಗ್ವಾಡಿ ಹಿಡಕೊಂಡು ಹೊರಗ ಬಂದು ಕಟ್ಟಿ ಮ್ಯಾಲೆ ಕುಂತ್ಲು. ಯವ್ವಾ, ನಾ ಏನ ಮಾಡಿದೆ, ನಾ ಏನ ಮಾಡಿದೆ ಅಂತ ಎದಿ ಬಡಕೊಂಡು ಅತ್ಲು.

ಮರುದಿನ ಮೊದಲನೇ ಬಸ್ಸಿಗೆ ಬಬಲೇಶ್ವರ. ಬಸ್ಸಿನ ಬೋರ್ಡ್ ಕಾಣಸಲಿಲ್ಲ, ಇಬ್ಬರನ್ನ ಕೇಳಿ ಹತ್ತಿದ್ಲು. ಚಂದ್ರಕಾಂತ ಹೊಸ ಗೋದಾಮಿನ ಕೋಣ್ಯಾಗ ಕುಂತಿದ್ದ. ಎಲ್ಲಾ ಹೇಳಿದ್ಲು. ಅವ ಮೊದಲು ನಂಬಲಿಲ್ಲ. ಮೊಬೈಲ್ ತೆಗೆದು, "ಆರು ತಿಂಗಳ ಲೆಕ್ಕ ಇಲ್ಲೈತಿ ಆಯಿ, ನಿನಗೇನೋ ಯಾರೋ ತಲಿ ತಿಂದಾರ," ಅಂದ.

"ಅದರಾಗ ಏನ ಐತೋ ನನಗ ಗೊತ್ತಿಲ್ಲ ಯಪ್ಪಾ. ಒಂದು ರಾಶಿ ಮುಂದ ನನ್ನ ಕೂಡಸು. ನೀನ ನಿಂತು ನೋಡು," ಅಂದ್ಲು ಸೋನಾಬಾಯಿ.

ಕೂಡಿಸಿದ್ರು. ಅರ್ಧ ತಾಸು. ಪರ ಊರ ಹೆಣಮಕ್ಕಳೆಲ್ಲ ಸುತ್ತ ನಿಂತು ನೋಡಾಕತ್ತಿದ್ರು. ಆಕಿ ಬೆರಳು ರಾಶಿಯೊಳಗ ತಡವಿದ್ವು, ಕಾಳು ಬಿಟ್ಟು ಕಡ್ಡಿ ಟ್ರೇಕ್ಕ ಹಾಕಿದ್ವು. ಚಂದ್ರಕಾಂತ ಆ ಟ್ರೇದಾಗ ಒಂದು ಮುಷ್ಟಿ ತೆಗೆದು ನೋಡಿದ. ಏಳು ಕಡ್ಡಿ, ಎರಡು ಹಳ್ಳು. ಇಪ್ಪತ್ತೆರಡು ವರ್ಷ ಕೈಗೆ ಹೆಸರಾದಾಕಿ ಮಂದಿ ನಡಕ ಕುಂತು, "ಈಗ ನಂಬಿಕಿ ಬಂತೇನ ಯಪ್ಪಾ?" ಅಂತ ಕೇಳಿದ್ಲು.

ಅವ ಮುಷ್ಟ್ಯಾಗಿನ ಕಾಳು ಟ್ರೇಕ್ಕ ಬಿಟ್ಟು ಮೊಬೈಲ್ ಕಿಸೇದಾಗ ಇಟ್ಟ. "ಇಡೀ ಗೋದಾಮು ನನ್ನ ಕಿಸೇದಾಗ ಐತಿ ಅನ್ಕೊಂಡಿದ್ದೆ ಆಯಿ," ಅಂದ. "ಕಂಪ್ಯೂಟರಿನ ಮ್ಯಾಲೆ ಅನುಮಾನ ಬಂದ ನಿನ್ನ ಕೇಳಿದ್ದೆ ನಾ."

ಸೋನಾಬಾಯಿ ಟ್ರೇ ಬಾಜೂಕ ಸರಿಸಿ ಎದ್ದು ನಿಂತ್ಲು.

"ನನ್ನ ಹೆಸರು ತಗದು ಹಾಕ್ರಿ, ಆಕಿದು ಹಾಕ್ರಿ," ಅಂತ ಕೈ ಮುಗಿದ್ಲು. ಅವ ಹೂಂ ಅಂದ. ರಾಜಾರಾಮಗ ಫೋನ್ ಹಚ್ಚಿದ. ನೀಲಾ ಬರಬಹುದು, ಸೋನಾಬಾಯಿ ಸಾಕು, ಮತ್ತ ಇನ್ಮುಂದ ಒಬ್ಬರ ಟ್ರೇ ಇನ್ನೊಬ್ಬರು ಮುಟ್ಟಂಗಿಲ್ಲ, ಮುಟ್ಟಿದ್ರ ಇಬ್ಬರೂ ಹೊರಗ. ಮುಯ್ಯಿಗೆ ಕಾಯಂ ಬೀಗ ಬಿತ್ತು.

ಮುದುಕಿ ಬಸ್ಸಿಳಿದು ತನ್ನ ಮನಿಗೆ ಹೋಗದ ನೆಟ್ಟಗ ನೀಲಾನ ಮನಿಗೆ ಹೋತು. ಬಾಗಿಲಿಗೆ ಕೀಲಿ ಇತ್ತು. ಹಿಂದಿನ ಸಂಜಿ ಕುನಾಲನ್ನ ದವಾಖಾನಿಗೆ ಒಯ್ದಿದ್ರಂತ. ಬೆನ್ನಾಗ ಅಂಗೈ ಅಗಲದ ಹುಣ್ಣು, ಒಳಗ ಎಲುಬಿನತನಕ ಇಳಿದಿತ್ತು. ನಂಜು ಮೈಗೆಲ್ಲ ಏರಿ ಜ್ವರ ಬಂದಿತ್ತು. ಊರು ಕೊಳ್ಳಿ ಹೊಡೆದ ಮ್ಯಾಲೆ ದಿಡ್ಡಿ ಬಾಗಿಲು ಹಾಕಿದ್ರಂತ. ನಾಕನೇ ದಿನ ಕುನಾಲ ಹೋದ. ಮೂವತ್ನಾಕ ವರ್ಷ ಅವಗ.

ಬೌದ್ಧ ಸಮಾಜದ ಮಂದಿ ಬಿಳಿ ಅರಿವಿ ಉಟ್ಕೊಂಡು ಬಂದು ಬುದ್ಧವಂದನೆ ಹೇಳಿ ಕಳಿಸಿಕೊಟ್ರು. ಸೋನಾಬಾಯಿ ಬಾಗಿಲ ಹೊರಗ, ಚಪ್ಪಲಿ ಬಿಟ್ಟಲ್ಲಿ ಕುಂತಿದ್ಲು. ಒಳಗ ಹೋಗು ಅಂತ ಯಾರೋ ಅಂದ್ರ, "ಇಲ್ಲೆ ಇರತೇನಿ," ಅಂದ್ಲು.

ಮಂದಿ ಎಲ್ಲಾ ಹೋಗಿ ವಾರ ಆದ ಮ್ಯಾಲೆ ಧೈರ್ಯ ಮಾಡಿ ಒಳಗ ಹೋದ್ಲು. ನೀಲಾ ಖಾಲಿ ಮಂಚದ ಮ್ಯಾಲಿನ ಹಾಸಗಿ ಸುತ್ತಿ ಇಡಾಕತ್ತಿದ್ಲು. ಸೋನಾಬಾಯಿ ನಿಂತಲ್ಲೇ ಹೇಳಿದ್ಲು. ತಾ ಮಾಲಕಗ ಅಂದ ಮಾತು ಹೇಳಿದ್ಲು, ಒಂದೂ ಬಿಡಲಿಲ್ಲ. ಬಬಲೇಶ್ವರಕ್ಕ ಹೋಗಿದ್ದು ಹೇಳಿದ್ಲು. "ನಿನ್ನ ಕೆಲಸ ಹೊಳ್ಳಿ ಬಂದೈತಿ ನೀಲಾ. ನಾಳೆ ಹೋಗವಾ," ಅಂದ್ಲು.

"ನನಗ ಮೊದಲನೇ ದಿನಾನ ಗೊತ್ತಿತ್ತು ಆಯಿ. ರಾಜಾರಾಮಣ್ಣ ಹೇಳಿದ್ದ."

"ಗೊತ್ತಿತ್ತ? ಗೊತ್ತಿದ್ದು ಸುಮ್ಮನಿದ್ದಿ? ಬಂದು ನನ್ನ ಜುಟ್ಟು ಹಿಡದು ಕೇಳಬೇಕಿತ್ತಲ್ಲ ಬೇ! ಆ ಟ್ರೇ ನಂದು ಅಂತ ಒದರಬೇಕಿತ್ತಲ್ಲ!"

"ಒದರಿದ್ರ ನಿನ್ನ ಕಣ್ಣು ಹೋಗಿದ್ದು ಅವರಿಗೆ ತಿಳೀತಿತ್ತು. ನಿನ್ನ ತಗೀತಿದ್ರು. ನಿನಗ ಯಾರದಾರ?" ಅಂದ್ಲು ನೀಲಾ. ಸಿಟ್ಟಿಲ್ಲ ಆಕಿ ಧ್ವನ್ಯಾಗ, ದಣಿವಿತ್ತು. ಹಾಸಗಿಗೆ ಹಗ್ಗ ಕಟ್ಟಿ ಮೂಲ್ಯಾಗ ನಿಲ್ಲಿಸಿದ್ಲು. "ಗೋದಾಮು ಬ್ಯಾಡ ಆಯಿ. ತೋಟಾನ ಇರಲಿ. ಮನಿ ಸನೇಕ ಕೆಲಸ ಇಟ್ಕೊಂಡು ಇನ್ನ ನಾ ಮಧ್ಯಾಹ್ನ ಯಾರ ಸಲುವಾಗಿ ಓಡಿ ಬರಲಿ?"

ಸೋನಾಬಾಯಿ ಅಲ್ಲೇ ನೆಲಕ್ಕ ಕುಂತ್ಲು. ಆಗ ಆಕಿಗೆ ಒಂದು ವಿಚಾರ ಹೊಳೀತು. ಇಲ್ಲಿತನಕ ಹೊಳೆದಿರಲಿಲ್ಲ. ತಾ ಖರೆ ಹೇಳಿದ್ರ, ಯುಗಾದಿಗೆ ತನ್ನ ಕೆಲಸ ಹೋಗತಿತ್ತು, ಹೋಗಲಿ. ತಾ ಮನ್ಯಾಗ ಇರತಿದ್ಲು, ನಾಕು ಮನಿ ಆಚೆ. ಕಣ್ಣಿಲ್ಲದಿದ್ರೂ ತೋಳಾಗ ಕಸುವು ಐತಿ. ಆ ಹುಡುಗನ್ನ ದಿನಕ್ಕ ಹತ್ತು ಸಲ ಹೊಳ್ಳಿಸಿ ಮಲಗಿಸತಿದ್ಲು, ಬೈಕೋತ ಬೈಕೋತ. ನೀಲಾಗ ಓಡಿ ಬರೋ ಕೆಲಸಾನೂ ಇರತಿರಲಿಲ್ಲ.

ಅದನ್ನ ಆಕಿ ನೀಲಾಗ ಹೇಳಲಿಲ್ಲ. ಹೇಳೋ ಮಾತಾಗಿರಲಿಲ್ಲ ಅದು.

ನೀಲಾ ಈಗೂ ನಸುಕಿನ್ಯಾಗ ಟೆಂಪೊ ಹತ್ತಿ ಕಳ್ಳಕವಟಗಿಗೆ ಹೋಗತಾಳ. ಸೋನಾಬಾಯಿ ಮನ್ಯಾಗ ಇರತಾಳ. ಹನ್ನೆರಡೂವರೆಗೆ ಗೋದಾಮಿನ ಊಟದ ಗಂಟಿ ಓಣಿತನಕ ಕೇಳಸತೈತಿ. ಆಗ ಆಕಿ ಏಳತಾಳ, ಗ್ವಾಡಿ ತಡವ್ಕೋತ ನಾಕು ಮನಿ ದಾಟಿ ನೀಲಾನ ಬಾಗಿಲತನಕ ಹೋಗತಾಳ. ಹೋಗಿ, ಒಳಗ ಹೊಳ್ಳಿಸಾಕ ಯಾರೂ ಇಲ್ಲ ಅಂತ ನೆನಪಾಗಿ ತಿರುಗಿ ಬರತಾಳ.